ತಾಂಬೂಲದಲ್ಲಿ ಇಟ್ಟ ಚೀಟಿ

ನಾನು ಮದುವೆಯಾಗಿ ಜಯನಗರಕ್ಕೆ ಬಂದಾಗ ಅಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಾಗಿದ್ದವು. ಬಸವನಗುಡಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳ ನಡುವೆ ಬೆಳೆದ ನನಗೆ ಇಲ್ಲಿನ ಬಯಲು ಕಂಡು ಗಾಬರಿಯೇ ಆಯಿತು. "ಹುಡುಗೀನ ಅಷ್ಟು ದೂರ ಕಾಡಿಗೆ ಕೊಡ್ತಿದೀರಲ್ಲೋ" ಎಂದು ನಮ್ಮಜ್ಜಿ ಮದುವೆಯ ಚಪ್ಪರದಲ್ಲೇ ಅಂದಿದ್ದರು. ಅಜ್ಜಿಯ ಮಾತು ಪೂರ್ತಿ ಸುಳ್ಳೂ ಅಲ್ಲ. ನಮ್ಮ ಬೀದಿಯಲ್ಲಿ ಹೆಚ್ಚೆಂದರೆ ಇಪ್ಪತ್ತು ಮನೆ. ಅದರಾಚೆ ರಾಗಿ ಹೊಲ. ಗಾಳಿಕಾಲದಲ್ಲಿ ಒಣಹಾಕಿದ ಸೀರೆ ಹಾರಿಹೋಗಿ ಆ ಹೊಲದಲ್ಲಿ ಬಿದ್ದಿರುತ್ತಿತ್ತು. ಹೊಲದಾಕೆ ಅದನ್ನು ಮಡಿಸಿ ತಂದುಕೊಟ್ಟು, "ಅಮ್ಮಾವ್ರೇ, ನಿಮ್ ಸೀರೆಗೆ ನಮ್ ಹೊಲದ್ ಮ್ಯಾಲೇ ಕಣ್ಣು ನೋಡಿ" ಎಂದು ನಗುತ್ತಿದ್ದಳು.

ಅಂಥ ಕಡೆ ಬೀದಿ ಎನ್ನುವುದು ತಾನಾಗಿ ಆಗುವುದಿಲ್ಲ, ಯಾರಾದರೂ ಕೂತು ಮಾಡಬೇಕು. ನಮ್ಮ ಬೀದಿಯನ್ನು ಮಾಡಿದವರು ನಮ್ಮತ್ತೆ. ಈ ಮಾತನ್ನು ಸೊಸೆ ಹೇಳುತ್ತಿದ್ದಾಳೆ, ಆದ್ದರಿಂದ ನೀವು ಧಾರಾಳವಾಗಿ ನಂಬಬಹುದು.

ಯಾವ ಮನೆಯ ಗೃಹಪ್ರವೇಶವಾದರೂ ಮಾರನೆಯ ದಿನ ಅತ್ತೆ ಕುಂಕುಮದ ಭರಣಿ ಹಿಡಿದು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದರು. "ಮೂಲೆಮನೆಯವಳು ನಾನು. ಸಾಯಂಕಾಲ ನಮ್ಮನೇಗೆ ಅರಿಶಿನ ಕುಂಕುಮಕ್ಕೆ ಬರಬೇಕು. ಬೀದಿಯೋರೆಲ್ಲ ಬರ್ತಾರೆ, ಎಲ್ಲರ ಗುರುತೂ ಆಗತ್ತೆ." ಅಷ್ಟೇ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಬರುತ್ತಿದ್ದರು. ಕೋಲಾರದಿಂದ ಬಂದವರು, ಮಂಡ್ಯದಿಂದ ಬಂದವರು, ಮನೆಯಲ್ಲಿ ತೆಲುಗು ಆಡುವವರು, ತಮಿಳು ಆಡುವವರು ಎಲ್ಲರೂ ನಮ್ಮ ನಡುಮನೆಯ ಚಾಪೆಯ ಮೇಲೆ ಕೂತು ಕೋಸಂಬರಿ ತಿಂದು, ಸೆರಗೊಡ್ಡಿ ತಾಂಬೂಲ ತೆಗೆದುಕೊಂಡು ಹೋಗುವಷ್ಟರಲ್ಲಿ ಒಬ್ಬರಿಗೊಬ್ಬರು ಬೇಕಾದವರಾಗಿಬಿಡುತ್ತಿದ್ದರು. ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲು ಕರೆಸುತ್ತಿದ್ದುದು ಅತ್ತೆಯನ್ನು. ಅವರು ಬೀದಿಗೆ ಇಳಿದರೆ ಎರಡೂ ಕಡೆಯಿಂದ "ಬನ್ನಿ ಬನ್ನಿ" ಕೇಳಿಸುತ್ತಿತ್ತು. ಬಸ್ ಸ್ಟಾಪಿಗೆ ಹೋಗಲು ಅವರಿಗೆ ಒಂದು ಗಂಟೆ ಬೇಕು ಎಂದು ಮಾವನವರು ತಮಾಷೆ ಮಾಡುತ್ತಿದ್ದರು. ಅತ್ತೆಗಿದ್ದ ಆಸ್ತಿ ಅದೊಂದೇ. ಒಡವೆ ಎಂದರೆ ಎರಡೆಳೆ ಸರ, ಓದು ಎಂದರೆ ಮೂರನೇ ಕ್ಲಾಸು. ಆದರೆ ಬೀದಿಯಲ್ಲಿ ಅವರಿಗೆ ಮುಚ್ಚಿದ ಬಾಗಿಲು ಎನ್ನುವುದೇ ಇರಲಿಲ್ಲ.

ಅರವತ್ತರ ದಶಕದ ಆ ಮೊದಲ ವರ್ಷಗಳಲ್ಲಿ ನಮ್ಮ ಹೆಂಗಸರಿಗೆಲ್ಲ ಒಂದೇ ಒಂದು ಹುಚ್ಚು: ಎವರ್‌ಸಿಲ್ವರ್ ಪಾತ್ರೆ. ಈಗ ಸ್ಟೀಲ್ ಎನ್ನುತ್ತೇವಲ್ಲ, ಅದೇ. ನಮ್ಮೆಲ್ಲರ ಅಡಿಗೆಮನೆಯಲ್ಲೂ ಹಿತ್ತಾಳೆ, ತಾಮ್ರ. ಹುಣಿಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅಂಗೈ ಸೀಳುತ್ತಿತ್ತು, ಕಲಾಯಿ ಹಾಕುವವನು ಬರುವುದು ತಡವಾದರೆ ಹುಳಿ ಕಿಲುಬುತ್ತಿತ್ತು. ಎವರ್‌ಸಿಲ್ವರ್‌ಗೆ ಆ ಕಾಟವೇ ಇಲ್ಲ. ಯಾರ ಮನೆಯಲ್ಲಾದರೂ ಒಂದು ಲೋಟ ಇದ್ದರೆ ಅದು ದೇವರ ಮನೆಯ ಪಕ್ಕದ ಗೂಡಿನಲ್ಲಿ ಇರುತ್ತಿತ್ತು, ಅಳಿಯ ಬಂದಾಗ ಮಾತ್ರ ಹೊರಗೆ ಬರುತ್ತಿತ್ತು.

ಆಷಾಢದ ಒಂದು ಮಧ್ಯಾಹ್ನ ಅತ್ತೆಯ ತಮ್ಮ ನಮ್ಮ ಮನೆಗೆ ಬಂದರು. ತಾಯಿ ಸತ್ತ ಮೇಲೆ ಅತ್ತೆಯೇ ಅವರನ್ನು ಎತ್ತಿ ಆಡಿಸಿ ಬೆಳೆಸಿದ್ದು. ಚಿಕ್ಕಪೇಟೆಯ ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಯಜಮಾನನ ಜೊತೆ ಮಾತಿಗೆ ಮಾತು ಬೆಳೆದು ಬಿಟ್ಟಿದ್ದರು. ಬಾಯಿ ತೆರೆದರೆ ಬರಡು ಹಸುವೂ ಹಾಲು ಕರೆಯಬೇಕು, ಅಂಥ ಮಾತುಗಾರ. ಅಂದು ಅವರ ಕೈಯಲ್ಲಿ ಪೇಪರು ಸುತ್ತಿದ ಏನೋ ಇತ್ತು. ನಡುಮನೆಯಲ್ಲಿ ಕೂತು ಪೇಪರು ಬಿಚ್ಚಿ ಎವರ್‌ಸಿಲ್ವರ್ ಕೊಳಗವೊಂದನ್ನು ನೆಲಕ್ಕಿಟ್ಟು ಉಗುರಿನಿಂದ ಮೀಟಿದರು. ಠಣ್ ಎಂದಿತು. ನಾನು ಒಲೆ ಬಿಟ್ಟು ಹೊರಗೆ ಬಂದೆ.

"ಅಕ್ಕಾ, ಕೇಳಿದ್ಯಾ ಸದ್ದು? ಮದರಾಸಿನ ಮಾಲು. ನಾನೀಗ ಈ ಕಂಪನಿ ಏಜೆಂಟು."

"ಎಷ್ಟಂತೋ ಇದಕ್ಕೆ?"

"ನಿನಗೆ ಐದೇ ರೂಪಾಯಿ."

ಈಜಿಚೇರಿನಲ್ಲಿ ಪೇಪರು ಓದುತ್ತಿದ್ದ ಮಾವನವರು ಕನ್ನಡಕ ಇಳಿಸಿದರು. "ಐದು ರೂಪಾಯಿಗೆ ಅದರ ಮುಚ್ಚಳ ಬರಲ್ಲವಲ್ಲಯ್ಯ."

"ಅಲ್ಲೇ ಇರೋದು ಭಾವ ಗುಟ್ಟು. ಅಕ್ಕ ಐದು ರೂಪಾಯಿಗೆ ಒಂದು ಕಾರ್ಡು ತಗೋತಾಳೆ. ಕಾರ್ಡಲ್ಲಿ ನಾಲ್ಕು ಚೀಟಿ ಇರತ್ತೆ. ನಾಲ್ಕು ಜನ ಸ್ನೇಹಿತರಿಗೆ ಕೊಡ್ತಾಳೆ. ಅವರೂ ಒಂದೊಂದು ಕಾರ್ಡು ತಗೋತಾರೆ. ಅವರ ಕಾರ್ಡಿನ ಚೀಟಿಗಳೂ ಹೋದ ತಕ್ಷಣ ಅಕ್ಕನಿಗೆ ಕೊಳಗ. ಆಮೇಲೆ ಅವರಿಗೂ ಕೊಳಗ. ಹಂಗೇ ಮುಂದೆ, ಮುಂದೆ."

"ಮುಂದೆ ಅಂದ್ರೆ ಎಲ್ಲೀ ತನಕ?"

"ಜನ ಇರೋ ತನಕ ಭಾವ! ಜಗತ್ತಲ್ಲಿ ಜನಕ್ಕೆ ಬರವಾ?"

ಮಾವನವರು ಕನ್ನಡಕ ಏರಿಸಿಕೊಂಡು ಮತ್ತೆ ಪೇಪರಿನ ಹಿಂದೆ ಹೋದರು. ಅವರ ಗುಣವೇ ಅದು. ಒಂದು ಪ್ರಶ್ನೆ ಕೇಳುವರು, ಉತ್ತರ ತಪ್ಪೆಂದು ಗೊತ್ತಾದರೂ ಹೆಂಡತಿಯ ತಮ್ಮನೆದುರು ಎರಡನೆಯದು ಕೇಳರು.

ಅತ್ತೆ ತಮ್ಮನ ಮುಖ ನೋಡಿದರು. ಕೆಲಸ ಬಿಟ್ಟ ಮೇಲೆ ಅವರ ಕೆನ್ನೆ ಒಳಗೆ ಹೋಗಿತ್ತು. ಕೊಳಗದ ಆಸೆ ಅತ್ತೆಗೆ ಇರಲಿಲ್ಲವೆಂದು ನಾನು ಹೇಳಲಾರೆ. ಕೈಯಿಂದ ಅದನ್ನು ಎರಡು ಸಲ ಸವರಿದ್ದನ್ನು ಕಂಡಿದ್ದೇನೆ. ಆದರೆ ಕಾರ್ಡು ತೆಗೆದುಕೊಂಡದ್ದು ಆ ಕೆನ್ನೆಗಾಗಿ. ತಮ್ಮ ಅಷ್ಟಕ್ಕೇ ಬಿಡದೆ ನನ್ನ ಕಡೆ ತಿರುಗಿ, "ನೀನೂ ಒಂದು ತಗೊಂಡು ಬಸವನಗುಡೀಲಿ ನಿಮ್ಮಮ್ಮ, ನಿಮ್ಮ ಚಿಕ್ಕಮ್ಮಂದಿರಿಗೆ ಹೇಳಮ್ಮ" ಎಂದರು. ನಾನು ತಲೆ ತಗ್ಗಿಸಿದೆ. ಅತ್ತೆ ತಟ್ಟನೆ, "ಅದು ಬೇಡ. ಸೊಸೆ ತೌರುಮನೆ ಬಾಗಿಲಿಗೆ ನಾವು ಕೈ ಒಡ್ಡಬಾರದು" ಎಂದುಬಿಟ್ಟರು. ಕೈ ಒಡ್ಡುವುದು ಎಂಬ ಮಾತು ಅವರ ಬಾಯಲ್ಲಿ ಅವತ್ತೇ ಬಂದಿತ್ತು. ಮನಸ್ಸಿಗೆ ಇನ್ನೂ ಬಂದಿರಲಿಲ್ಲ, ಅಷ್ಟೇ.

ಶ್ರಾವಣ ಬಂತು, ವರಮಹಾಲಕ್ಷ್ಮಿ ಹಬ್ಬ ಬಂತು. ಅತ್ತೆಗೆ ಒಂದು ಸಂಕೋಚ. ಚೀಟಿಯನ್ನು ಕೈಗೆ ಕೊಟ್ಟು "ಐದು ರೂಪಾಯಿ ಕೊಡಿ" ಎಂದರೆ ಅಂಗಡಿಯವರಂತೆ ಆಯಿತಲ್ಲ. ಅದಕ್ಕೆ ಅವರೇ ಒಂದು ಉಪಾಯ ಹುಡುಕಿದರು. ಎಲೆ, ಅಡಿಕೆ, ಬಾಳೆಹಣ್ಣು, ರವಿಕೆ ಕಣದ ಜೊತೆ ಎಲೆಯ ಕೆಳಗೆ ಚೀಟಿ ಇಟ್ಟರು. "ಹಿಂಗೆ ಕೊಟ್ಟರೆ ಮರ್ಯಾದೆ ಕಣೇ. ದೇವರ ಮುಂದೆ ಕೊಟ್ಟ ಹಾಗೂ ಆಯ್ತು" ಎಂದರು. ಅವರ ಮನಸ್ಸಿನಲ್ಲಿ ಅದು ಮರ್ಯಾದೆಯೇ. ಕಪಟದ ಒಂದು ಎಳೆಯೂ ಇರಲಿಲ್ಲ.

ಆದರೆ ತಾಂಬೂಲವನ್ನು ಯಾರು ತಾನೇ ಬೇಡ ಎನ್ನುತ್ತಾರೆ? ಮುತ್ತೈದೆ ಸೆರಗೊಡ್ಡಿದ ಮೇಲೆ ಬಿದ್ದದ್ದೆಲ್ಲ ಲಕ್ಷ್ಮಿ. ಹಿಂದಕ್ಕೆ ಕೊಟ್ಟರೆ ಕೊಟ್ಟವರಿಗೂ ಕೇಡು, ತೆಗೆದುಕೊಂಡವರಿಗೂ ಕೇಡು. ಹಾಗಾಗಿ ಆ ಸಂಜೆ ನಾಲ್ವರು ಚೀಟಿಯನ್ನು ಮನೆಗೆ ಒಯ್ದರು. ಅವರಲ್ಲಿ ಒಬ್ಬಾಕೆ ನಮ್ಮ ಎದುರುಮನೆಯ ಮೇಷ್ಟರ ಹೆಂಡತಿ. ಅತ್ತೆಗಿಂತ ಹತ್ತು ವರ್ಷ ಚಿಕ್ಕವರು. ದಿನಕ್ಕೆ ಒಮ್ಮೆಯಾದರೂ ಬೇಲಿಯ ಹತ್ತಿರ ನಿಂತು, "ಅಮ್ಮಾ, ಏನು ಹುಳಿ ಇವತ್ತು?" ಎಂದು ಕೇಳದಿದ್ದರೆ ಅವರಿಗೆ ಅನ್ನ ಇಳಿಯದು. ಮೇಷ್ಟರ ಸಂಬಳ ಎಷ್ಟಿದ್ದೀತು? ಆದರೂ ಎರಡೇ ದಿನದಲ್ಲಿ ಐದು ರೂಪಾಯಿ ತಂದುಕೊಟ್ಟರು, ಅದೂ ಅರಿಶಿನ ಸವರಿದ ಕಾಗದದಲ್ಲಿ ಸುತ್ತಿ.

ಮುಂದೆ ನಡೆದದ್ದನ್ನು ಈಗ ನೆನೆದರೆ ನಗು ಬರುತ್ತದೆ. ಚೀಟಿ ಕೊಡುವ ರೀತಿಯನ್ನೂ ಬೀದಿಯವರು ಅತ್ತೆಯಿಂದಲೇ ಕಲಿತರು! ಮಂಗಳಗೌರಿ ಪೂಜೆಗೆ ಕರೆದವರ ತಾಂಬೂಲದಲ್ಲಿ ಚೀಟಿ. ಗೌರಿ ಹಬ್ಬದ ಬಾಗಿನದ ಮೊರದಲ್ಲಿ ಬಳೆ, ಬಿಚ್ಚೋಲೆ, ಬೇಳೆ, ಬೆಲ್ಲ, ಅದರಡಿ ಚೀಟಿ. ಮಗುವಿನ ನಾಮಕರಣಕ್ಕೆ ಹೋದರೆ ಚೀಟಿ. ಮೊದಲ ಮೂರು ನಾಲ್ಕು ಮನೆಯವರಿಗೆ ಕೊಡಲು ಜನ ಸಿಕ್ಕರು. ಅವರಾದ ಮೇಲಿನವರಿಗೆ ಬೀದಿಯಲ್ಲಿ ಮನೆಯೇ ಉಳಿಯಲಿಲ್ಲ. ಪಕ್ಕದ ಬೀದಿಗೆ ಹೋದರೆ ಅಲ್ಲಿಂದ ಈ ಕಡೆಗೇ ಬರುತ್ತಿದ್ದರು, ಕೈಯಲ್ಲಿ ಅದೇ ಕಾರ್ಡು! ತಿಲಕ್ ನಗರದ ನೆಂಟರಿಗೆ ಹೇಳಲು ಹೋದವರೊಬ್ಬರು, "ನಾನು ಬಾಯಿ ತೆಗೆಯೋದ್ರೊಳಗೆ ಅವರೇ ತೆಗೆದ್ರು ರೀ" ಎಂದು ಮುಖ ಸಣ್ಣ ಮಾಡಿಕೊಂಡು ವಾಪಸ್ಸು ಬಂದರು. ಸಿದ್ದಾಪುರದಿಂದ ಹೂವು ತರುವಾಕೆ ನಮ್ಮ ಬೀದಿಯ ತಿರುವಿನಲ್ಲೇ ನಿಂತು ಕೂಗಿ ಹೇಳುತ್ತಿದ್ದಳು: "ಹೂವು ತಗೊಳ್ಳೋರು ಇಲ್ಲಿಗೇ ಬನ್ರಮ್ಮ. ಒಳಗ್ ಬಂದ್ರೆ ನೀವ್ ನಂಗೇ ಮಾರ್ತೀರಿ!"

ಅತ್ತೆ ಇದಕ್ಕೂ ನಕ್ಕರು. ಬೇಲಿಯ ಹತ್ತಿರ "ಏನು ಹುಳಿ ಇವತ್ತು" ಕೇಳಿಸದೆ ಎಷ್ಟೋ ದಿನವಾಯಿತೆಂಬುದು ಅವರ ಗಮನಕ್ಕೆ ಬಂದಿತ್ತೋ ಇಲ್ಲವೋ.

ನವರಾತ್ರಿ ಬಂತು. ನಮ್ಮ ಮನೆಯ ಗೊಂಬೆ ಎಂದರೆ ಬೀದಿಗೇ ಹಬ್ಬ. ಅತ್ತೆ ಹಂತ ಜೋಡಿಸಿ, ಪಟ್ಟದ ಗೊಂಬೆ ಕೂರಿಸಿ, ಕಡಲೆಕಾಳಿನ ಉಸಲಿ ಮಾಡಿದರು. ಪದ್ಧತಿಯಂತೆ ನಾನು ಭರಣಿ ಹಿಡಿದು ಮನೆಮನೆಗೆ ಕರೆಯಲು ಹೋದೆ. ನಮ್ಮಲ್ಲೊಂದು ಕ್ರಮ ಇತ್ತು: ಕರೆಯಲು ಹೋದಾಗ ಮನೆಗೆ ಬೀಗ ಹಾಕಿದ್ದರೆ ಹೊಸ್ತಿಲಿಗೆ ಕುಂಕುಮ ಇಟ್ಟು ಬರುವುದು. ಮನೆಯವರು ಬಂದು ನೋಡಿ, ಯಾರೋ ಕರೆದು ಹೋಗಿದ್ದಾರೆಂದು ತಿಳಿಯುವರು. ಎದುರುಮನೆಗೆ ಹೋದೆ. ಒಳಗೆ ಒರಳಿನ ಸದ್ದು ಕೇಳುತ್ತಿತ್ತು. ಬಾಗಿಲು ತಟ್ಟಿದೆ. ಸದ್ದು ನಿಂತಿತು. ಮತ್ತೆ ತಟ್ಟಿದೆ. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತು ನಿಂತು, ಏನೂ ತೋಚದೆ ಹೊಸ್ತಿಲಿಗೆ ಕುಂಕುಮ ಇಟ್ಟು ಬಂದೆ. ಅದರ ಪಕ್ಕದ ಮನೆಯಲ್ಲೂ ಅದೇ. ಅದರಾಚೆಯ ಮನೆಯಲ್ಲಿ ಬಾಗಿಲು ತೆರೆದರು, ಆದರೆ "ನೋಡೋಣಮ್ಮ, ಯಾಕೋ ಮೈ ಸರಿ ಇಲ್ಲ" ಎಂದು ಅರ್ಧ ಬಾಗಿಲಲ್ಲೇ ನಿಂತರು.

ಸಂಜೆ ದೀಪ ಹಚ್ಚಿ ಕೂತೆವು. ಚಾಪೆ ಹಾಸಿದ್ದು ಹಾಸಿದಂತೇ ಇತ್ತು. ಬಂದವರು ಇಬ್ಬರೇ, ಅವರೂ ಹೊಸದಾಗಿ ಬೀದಿಗೆ ಬಂದ ಅತ್ತೆ ಸೊಸೆ. ಉಸಲಿ ತಣ್ಣಗಾಯಿತು.

"ಎದುರುಮನೆ ಬೀಗ ಹಾಕಿತ್ತೇನೆ?" ಅತ್ತೆ ಕೇಳಿದರು.

"ಇಲ್ಲ ಅತ್ತೆ. ಒಳಗಿನಿಂದ ಚಿಲಕ ಹಾಕಿದ್ರು."

"ಮತ್ತೆ ನೀನೇನು ಮಾಡಿದೆ?"

"ಹೊಸ್ತಿಲಿಗೆ ಇಟ್ಟು ಬಂದೆ."

ಅತ್ತೆ ಭರಣಿಯ ಮುಚ್ಚಳ ಹಾಕಿದರು. ಜನ ಒಳಗಿರುವ ಮನೆಯ ಹೊಸ್ತಿಲಿಗೆ ಅವರ ಮನೆಯ ಕುಂಕುಮ ಹೋಗಿ ಕೂತಿದ್ದು ಅದೇ ಮೊದಲು. ಮಾವನವರು ಈಜಿಚೇರಿನಿಂದ ಎದ್ದು ಬಂದು, ಯಾವತ್ತೂ ಇಲ್ಲದವರು ಚಾಪೆಯ ಮೇಲೆ ಕೂತು, "ನನಗೊಂದಿಷ್ಟು ಉಸಲಿ ಕೊಡೇ. ಬೀದಿ ಪಾಲೆಲ್ಲ ಇವತ್ತು ನಂದು" ಎಂದರು. ಅತ್ತೆ ಬಡಿಸಿದರು. ಬಡಿಸುವಾಗ ಕಣ್ಣೊರೆಸಿಕೊಂಡರು.

ಮರುದಿನ ಬೆಳಗ್ಗೆ ಅತ್ತೆ ಬರಿಗೈಯಲ್ಲಿ ಎದುರುಮನೆಯ ಹಿತ್ತಲಿಗೆ ಹೋದರು. ನಾನು ಹಿಂದೆಯೇ ಹೋದೆ. ಮೇಷ್ಟರ ಹೆಂಡತಿ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಗಕ್ಕನೆ ಎದ್ದು ನಿಂತರು.

"ಕುಂಕುಮ ತಂದಿಲ್ಲ, ಹೆದರಬೇಡ" ಎಂದರು ಅತ್ತೆ. "ಏನಾಯ್ತು, ಬಾಯಿಬಿಟ್ಟು ಹೇಳು. ನಾನೇನು ಅಂದೆ ನಿನಗೆ?"

ಆಕೆ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ನಿಂತರು. ಆಮೇಲೆ ಒಮ್ಮೆಲೇ ಬಂತು ಮಾತು. "ನೀವು ಏನೂ ಅನ್ನಲಿಲ್ಲಮ್ಮ, ಅಂದಿದ್ರೆ ಚೆನ್ನಾಗಿತ್ತು, ನಾನೂ ಒಂದು ಮಾತು ಅಂದು ಸುಮ್ಮನಾಗ್ತಿದ್ದೆ. ನಿಮ್ಮ ಚೀಟಿಗೆ ಅಂತ ನನ್ನ ಓರಗಿತ್ತಿಗೆ ಕಾರ್ಡು ಕೊಡಿಸಿದೆ. ಅವಳಿಗೆ ನಾಲ್ಕು ಜನ ಸಿಗಲಿಲ್ಲ. ಈಗ ನನ್ನ ಜೊತೆ ಮಾತು ಬಿಟ್ಟಿದಾಳೆ. ನನ್ನ ತಂಗಿ ಮನೆಗೆ ಹೋದ್ರೆ ತಂಗಿ ಗಂಡ, 'ಏನತ್ತಿಗೆ, ಇವತ್ತೇನು ಮಾರಕ್ಕೆ ಬಂದಿರಿ' ಅಂದ್ರು, ಮಕ್ಕಳೆದುರಿಗೆ. ನನಗೆ ನಿಮ್ಮನೆ ಗೊಂಬೆ ನೋಡಕ್ಕೆ ಬರಬೇಕು ಅಂತ ಆಸೆ ಇರಲ್ವಾ? ಬಂದ್ರೆ ತಾಂಬೂಲ ತಗೋಬೇಕಲ್ಲ. ತಾಂಬೂಲ ಅಂದ್ರೆ ಈಗ ಎದೆ ಧಸಕ್ ಅನ್ನತ್ತೆ. ಬೇಡ ಅನ್ನಕ್ಕೆ ಆಗುತ್ತಾ ಹೇಳಿ. ಕೊಡೋರು ನೀವು."

ಅತ್ತೆ ಕಟ್ಟೆಯ ಮೇಲೆ ಕೂತುಬಿಟ್ಟರು. "ಬೇಡ ಅನ್ನಕ್ಕಾಗದ ಜಾಗದಲ್ಲಿ ಇಟ್ಟೆ, ಅಲ್ವಾ?" ಎಂದರು. ಅಷ್ಟೇ ಅಂದದ್ದು.

ಚೈನು ವ್ಯಾಪಾರಕ್ಕೆ ಯಾಕೆ ಇಷ್ಟು ಕೆಟ್ಟ ಹೆಸರು ಎಂದು ಈಗಿನ ಹುಡುಗರು ವಾದ ಮಾಡುತ್ತಾರೆ. ಮಾಲು ಚೆನ್ನಾಗಿದೆಯಲ್ಲ ಎನ್ನುತ್ತಾರೆ. ಆಗಲೂ ಮಾಲು ಚೆನ್ನಾಗಿಯೇ ಇತ್ತು. ಆ ಕೊಳಗ ಅಪ್ಪಟ ಎವರ್‌ಸಿಲ್ವರ್. ಆದರೆ ಅಂಗಡಿಯವನಿಗೆ ಬೇಡ ಎಂದು ಮುಂದೆ ಹೋಗಬಹುದು, ಅವನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಕ್ಕನಿಗೆ, ಓರಗಿತ್ತಿಗೆ, ಬೇಲಿಯಾಚೆಯ ಗೆಳತಿಗೆ ಹೇಗೆ ಹೇಳುವುದು? ಹೇಳಲಾಗದೆ ಕೊಳ್ಳುತ್ತೇವೆ, ಕೊಂಡ ಮೇಲೆ ಆ ಕಡೆ ಹೋಗುವುದನ್ನೇ ಬಿಡುತ್ತೇವೆ. ಬಹಳ ದಿನದ ನೆಂಟರೊಬ್ಬರು ಬಂದು ಯೋಗಕ್ಷೇಮವನ್ನು ಬೇಕಾದ್ದಕ್ಕಿಂತ ಹೆಚ್ಚು ವಿಚಾರಿಸಿದರೆ ನನಗೆ ಈಗಲೂ ಅವರ ಕೈಚೀಲದ ಮೇಲೆ ಕಣ್ಣು ಹೋಗುತ್ತದೆ. ಪಾಪ, ಎಷ್ಟೋ ಸಲ ಅದರೊಳಗೆ ಬರೀ ಛತ್ರಿ ಇರುತ್ತದೆ.

ದೀಪಾವಳಿ ಹತ್ತಿರ ಬಂದಾಗ ಅತ್ತೆಯ ತಮ್ಮ ಹಾರಿಕೊಂಡೇ ಬಂದರು. ಹೊಸ ಕೋಟು, ಕೆನ್ನೆಯಲ್ಲಿ ಕಳೆ. "ಅಕ್ಕಾ, ನಿನಗೆ ಕೊಳಗ ಬಂತು! ಈ ಭಾನುವಾರ ಕಂಪನಿ ಸಭೆ, ಗಾಂಧಿ ಬಜಾರ್ ಹತ್ತಿರ ಹಾಲಲ್ಲಿ. ಜಯನಗರಕ್ಕೆಲ್ಲ ಮೊದಲನೇ ಬಹುಮಾನ ನಿಂದು. ವೇದಿಕೆ ಮೇಲೇ ಕೊಡ್ತಾರೆ. ನೀನು ಕಾರ್ಡಿನ ಬಗ್ಗೆ ನಾಲ್ಕು ಒಳ್ಳೆ ಮಾತು ಹೇಳಬೇಕು. ಹೇಳಿದ್ರೆ ನನ್ನನ್ನ ಈ ಕಡೇಗೆಲ್ಲ ದೊಡ್ಡ ಏಜೆಂಟ್ ಮಾಡ್ತಾರೆ. ನನ್ನ ಬದುಕು ನಿನ್ನ ಬಾಯಲ್ಲಿದೆ ಅಕ್ಕಾ."

ಅತ್ತೆ ಅವರ ತಲೆ ಸವರಿದರು. "ನಮ್ಮ ಬೀದೀಲಿ ಯಾರೂ ನಮ್ಮನೇಗೆ ಬರ್ತಿಲ್ಲ ಕಣೋ" ಎಂದರು.

"ಅಯ್ಯೋ, ಬರ್ತಾರೆ ಬಿಡು. ಅವರಿಗೂ ಕೊಳಗ ಸಿಕ್ಕಿದ ಮೇಲೆ ತಾವಾಗೇ ಬರ್ತಾರೆ."

"ಅವರಿಗೆ ಯಾವಾಗ ಸಿಗತ್ತೆ?"

"ಅವರ ಕೆಳಗಿನೋರು ಜನ ಹುಡುಕಿದಾಗ."

"ಹುಡುಕಕ್ಕೆ ಜನ ಎಲ್ಲಿದಾರೋ?"

ಅವರು ಗಡಿಯಾರ ನೋಡಿಕೊಂಡರು. "ಬರ್ತೀಯ ತಾನೆ?"

"ಬರ್ತೀನಿ. ಮಾತೂ ಆಡ್ತೀನಿ" ಎಂದರು ಅತ್ತೆ. ತಮ್ಮ, ಅಕ್ಕನ ಕಾಲಿಗೆ ಬಿದ್ದು ಹೋದರು. ಒಂದು ಕಡೆ ಬೀದಿ, ಒಂದು ಕಡೆ ಎತ್ತಿ ಬೆಳೆಸಿದ ತಮ್ಮ. ಏನು ಹೇಳುತ್ತೀರಿ ಎಂದು ಕೇಳಿದರೆ, "ಇನ್ನೂ ಗೊತ್ತಿಲ್ಲ. ಅವನ ಮುಖ ನೋಡಿದ್ರೆ ಒಂದು ಥರ ಅನ್ಸತ್ತೆ, ಆ ಹೊಸ್ತಿಲು ನೋಡಿದ್ರೆ ಇನ್ನೊಂದು ಥರ ಅನ್ಸತ್ತೆ" ಎಂದರು.

ಭಾನುವಾರ ನಾನೂ ಅತ್ತೆಯೂ ಬಸ್ಸಿನಲ್ಲಿ ಹೋದೆವು. ಸಭಾಂಗಣದ ತುಂಬ ಹೆಂಗಸರು. ಬಹಳ ಜನ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ವೇದಿಕೆಯ ಮೇಲೆ ಎವರ್‌ಸಿಲ್ವರ್ ಪಾತ್ರೆಗಳ ಗೋಪುರ, ಅದರ ಪಕ್ಕ ಮದರಾಸಿನಿಂದ ಬಂದ ಮ್ಯಾನೇಜರು. ಅವರು ಮೈಕಿನಲ್ಲಿ ತಮಿಳು ಬೆರೆತ ಕನ್ನಡದಲ್ಲಿ, ಮಾತೆಯರೇ ಗೃಹಲಕ್ಷ್ಮಿಯರು, ಗೃಹಲಕ್ಷ್ಮಿಯರೇ ಕಂಪನಿಯ ಕಣ್ಣು ಎಂದೆಲ್ಲ ಹೊಗಳಿ ಅತ್ತೆಯನ್ನು ಕರೆದರು. ಅತ್ತೆಯ ತಮ್ಮ ಮುಂದಿನ ಸಾಲಿನಲ್ಲಿ ಚಪ್ಪಾಳೆಗೆ ಕೈ ಸಿದ್ಧ ಮಾಡಿಕೊಂಡು ಕೂತಿದ್ದರು.

ಜೀವಮಾನದಲ್ಲಿ ಮೈಕು ಮುಟ್ಟದ ಹೆಂಗಸು ಅವರು. ಮೊದಲು ಸೆರಗು ಹೊದ್ದು ಅದಕ್ಕೊಂದು ನಮಸ್ಕಾರ ಮಾಡಿದರು. ಯಾರೋ ಕಿಸಕ್ಕೆಂದರು. ಆಮೇಲೆ ನಡುಮನೆಯಲ್ಲಿ ಮಾತಾಡುವ ದನಿಯಲ್ಲೇ ಶುರು ಮಾಡಿದರು.

"ನಾನು ಜಯನಗರದ ಮೂಲೆಮನೆಯೋಳು. ಈ ಕೊಳಗ ನನಗೆ ಯಾಕೆ ಬಂತು ಅಂದ್ರೆ, ನಾನು ಮೊದಲು ಬಂದೆ, ಅದಕ್ಕೆ. ನನ್ನಲ್ಲಿ ಇನ್ನೇನೂ ಹೆಚ್ಚಿಲ್ಲ. ನನ್ನ ಹಿಂದೆ ಬಂದೋರು ನನಗಿಂತ ಹೆಚ್ಚು ಓಡಾಡಿದಾರೆ, ಅವರಿಗೆ ಒಂದು ಚಮಚವೂ ಬಂದಿಲ್ಲ. ಇನ್ನು ಬರೋದೂ ಇಲ್ಲ. ನಮ್ಮ ಬೀದಿ ಮುಗಿದ ಮೇಲೆ ರಾಗಿ ಹೊಲ. ರಾಗಿ ತೆನೇಗೆ ಕಾರ್ಡು ಕೊಡಕ್ಕಾಗಲ್ಲ, ಅದರ ಹತ್ರ ಐದು ರೂಪಾಯಿ ಇಲ್ಲ."

ಸಭೆ ಗೊಳ್ಳೆಂದು ನಕ್ಕಿತು. ಮ್ಯಾನೇಜರು ಎದ್ದು ಬಂದು, "ಅಮ್ಮಾ, ಎರಡು ನಿಮಿಷ ಆಯಿತಮ್ಮಾ" ಎಂದು ಮೈಕಿಗೆ ಕೈ ಹಾಕಿದರು.

ಅತ್ತೆ ಮೈಕನ್ನು ಬಿಡಲಿಲ್ಲ. "ನಿಮ್ಮ ಕಾರ್ಡು ಶ್ರಾವಣದಿಂದ ನಮ್ಮ ಬೀದೀಲಿ ಓಡಾಡಿದೆ ಸ್ವಾಮಿ, ನಾನು ಇನ್ನೆರಡು ನಿಮಿಷ ನಿಲ್ಲಬಾರದಾ?" ಹಿಂದಿನ ಸಾಲಿನಿಂದ, "ಮಾತಾಡ್ಲಿ ಬಿಡ್ರೀ!" ಎಂದು ಒಂದು ಕಂಚಿನ ಕಂಠ ಬಂತು. ಮ್ಯಾನೇಜರು ಕೂತರು.

"ನಾನು ಒಂದು ತಪ್ಪು ಮಾಡಿದೆ. ಚೀಟೀನ ತಾಂಬೂಲದಲ್ಲಿ ಇಟ್ಟುಕೊಟ್ಟೆ. ನೀವೂ ಕೊಟ್ಟಿರ್ತೀರಿ, ಇಲ್ಲ ಅನ್ನಬೇಡಿ. ತಾಂಬೂಲ ಕೊಡೋದು ಮನೆಗೆ ಬಂದೋರು ಮತ್ತೆ ಬರಲಿ ಅಂತ. ಈಗ ಬರ್ತಾನೇ ಇಲ್ಲ. ಇವತ್ತು ಈ ಹಾಲಲ್ಲಿ ಕೂತಿರೋ ನೀವು ಮನೇಗೆ ಹೋಗಿ ಒಂದು ಕೆಲಸ ಮಾಡಿ. ನಿಮ್ಮಿಂದ ಚೀಟಿ ತಗೊಂಡೋರು ಈ ಹಬ್ಬಕ್ಕೆ ನಿಮ್ಮ ಮನೇಗೆ ಬಂದಿದ್ರಾ, ಜ್ಞಾಪಿಸಿಕೊಳ್ಳಿ. ಬಂದಿದ್ರೆ ಇನ್ನೊಂದು ಕಾರ್ಡು ತಗೊಳ್ಳಿ. ನಾನು ತಗೊಳ್ಳಲ್ಲ."

ನಗು ನಿಂತಿತ್ತು. ಒಬ್ಬಾಕೆ ಪಕ್ಕದವರ ಮುಖ ನೋಡಿದರು, ಪಕ್ಕದವರು ತಮ್ಮ ಬಳೆ ನೋಡಿಕೊಂಡರು. ಅತ್ತೆ ಕೆಳಗಿಳಿಯುವ ಮುಂಚೆ ಗೋಪುರದ ಮೇಲಿನ ಕೊಳಗವನ್ನು ತಾವೇ ಎತ್ತಿ ಕಂಕುಳಿಗೆ ಇಟ್ಟುಕೊಂಡರು. ಮ್ಯಾನೇಜರು, "ಬೇಡ ಅಂದಿರಲ್ಲಮ್ಮಾ?" ಎಂದರು.

"ಕಾರ್ಡು ಬೇಡ ಅಂದೆ. ಇದು ನಮ್ಮ ಬೀದಿ ಹೆಂಗಸರ ದುಡ್ಡು, ಇದನ್ನ ಯಾಕೆ ಬಿಡಲಿ?"

ಆ ಕ್ಷಣ ನನಗಾದ ಹೆಮ್ಮೆಯನ್ನು ಏನೆಂದು ಹೇಳಲಿ! ಮದುವೆಯಾಗಿ ಎರಡು ವರ್ಷವಾಗಿತ್ತು, ಅತ್ತೆಯನ್ನು ಕಂಡರೆ ಪ್ರೀತಿ ಇತ್ತು, ಭಯವೂ ಇತ್ತು. ಅವತ್ತು ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ಮೊಣಕೈ ಹಿಡಿದು, ಕೇಳದೆಯೇ, "ನಮ್ಮತ್ತೆ ರೀ, ಅವರು ನಮ್ಮತ್ತೆ" ಎಂದೆ.

ಬಾಗಿಲ ಹತ್ತಿರ ತಮ್ಮ ನಿಂತಿದ್ದರು. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. "ನನ್ನ ಹೊಟ್ಟೆ ಮೇಲೆ ಹೊಡೆದುಬಿಟ್ಟೆಯಲ್ಲಕ್ಕ."

"ನಿನ್ನ ಹೊಟ್ಟೆಗೆ ನಮ್ಮನೇಲಿ ಅನ್ನ ಇದೆ ಕಣೋ. ಬಾ ಮನೇಗೆ."

ಅವರು ಬರಲಿಲ್ಲ. ದೀಪಾವಳಿಯ ಬಿದಿಗೆಯಂದು ತಮ್ಮ ಅಕ್ಕನ ಮನೆಗೆ ಊಟಕ್ಕೆ ಬರುವುದು ನಮ್ಮಲ್ಲಿ ಪದ್ಧತಿ. ಅತ್ತೆ ಎಲೆ ಹಾಕಿ ಮಧ್ಯಾಹ್ನ ಕಳೆಯುವ ತನಕ ಕಾದರು. ಆ ವರ್ಷ ಬರಲಿಲ್ಲ, ಅದರ ಮರುವರ್ಷವೂ ಬರಲಿಲ್ಲ. ಅಷ್ಟರಲ್ಲಿ ಕಂಪನಿಯೇ ಊರು ಬಿಟ್ಟಿತ್ತು, ಅವರು ಮತ್ತೆ ಜವಳಿ ಅಂಗಡಿ ಸೇರಿದ್ದರು. ಆಮೇಲಿನ ದೀಪಾವಳಿಗೆ ಬಂದವರು ಸಭೆಯ ವಿಷಯ ಎತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ. "ಹೋಳಿಗೆ ಗಟ್ಟಿಯಾಗಿದೆ ಕಣಕ್ಕ" ಎಂದು ಜಗಳ ತೆಗೆದರು. ಅತ್ತೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೂ ನಡುವಿನ ಆ ಎರಡು ಖಾಲಿ ಎಲೆಗಳು ಅವರನ್ನು ಬಹಳ ನೋಯಿಸಿದ್ದವು, ಅದನ್ನು ಮುಚ್ಚಿಟ್ಟು ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ.

ಕೊಳಗ ನಮ್ಮ ಅಡಿಗೆಮನೆಗೆ ಬರಲೇ ಇಲ್ಲ. ಆ ಭಾನುವಾರ ಬಸ್ಸಿಳಿದವರು ನೇರವಾಗಿ ಎದುರುಮನೆಗೆ ಹೋದರು. ಅತ್ತೆ ಬಾಗಿಲು ತಟ್ಟದೆ ಅಂಗಳದಲ್ಲೇ ನಿಂತು, "ಲೇ, ತೆಗೀತೀಯೋ, ಇಲ್ಲ ಇಲ್ಲಿಂದಲೇ ಕೂಗಲೋ?" ಎಂದರು. ಬಾಗಿಲು ತೆರೆಯಿತು. "ಇದು ನಿನಗಲ್ಲ, ನನಗೂ ಅಲ್ಲ. ಬೀದೀಲಿ ಯಾರ ಮನೇಲಿ ಕಾರ್ಯ ಇದೆಯೋ ಅವರಿಗೆ. ಮುಂದಿನ ವಾರ ನಿನ್ನ ಮಗಂದು ಹುಟ್ಟುಹಬ್ಬ ಅಲ್ವಾ? ಪಾಯಸ ಇದರಲ್ಲೇ ಮಾಡು. ಇನ್ನೊಂದು ಮಾತು. ಇನ್ಮೇಲೆ ನಮ್ಮನೇಲಿ ತಾಂಬೂಲ ಕೊಟ್ಟಾಗ ಬೇಡ ಅನ್ನಿಸಿದ್ರೆ ಬೇಡ ಅನ್ನು. ಕೇಡು ಬಂದ್ರೆ ನನಗೆ ಬರಲಿ."

ಮೇಷ್ಟರ ಹೆಂಡತಿ ನಕ್ಕರೋ ಅತ್ತರೋ ತಿಳಿಯಲಿಲ್ಲ. "ಒಳಗಾದ್ರೂ ಬನ್ನಿ" ಎಂದರು. ಅತ್ತೆ ಒಳಗೆ ಹೋದರು.

ಮಿಕ್ಕ ಮನೆಗಳು ಅಷ್ಟು ಸುಲಭಕ್ಕೆ ತೆರೆಯಲಿಲ್ಲ. ಕೊಳಗ ಒಂದೊಂದು ಕಾರ್ಯಕ್ಕೆ ಒಂದೊಂದು ಮನೆಗೆ ಹೋಯಿತು, ಅದರ ಹಿಂದೆ ಅತ್ತೆ ಬಡಿಸಲು ಹೋದರು. ಕೆಲವರು ಸಂಕ್ರಾಂತಿಗೆ ಎಳ್ಳುಬೆಲ್ಲ ತಂದರು. ಕೆಲವರು ಯುಗಾದಿಯ ತನಕ ಬಿಗುಮಾನದಲ್ಲೇ ಇದ್ದರು. ಅತ್ತೆ ಯಾರನ್ನೂ ಒತ್ತಾಯ ಮಾಡಲಿಲ್ಲ.

ಮುಂದಿನ ಶ್ರಾವಣದ ಹೊತ್ತಿಗೆ ಬೀದಿಯ ಕೊನೆಯಲ್ಲಿ ಒಂದು ಹೊಸ ಮನೆ ಎದ್ದಿತ್ತು. ಅತ್ತೆ ಎಂದಿನಂತೆ ಭರಣಿ ಹಿಡಿದು ಹೊರಟರು, ಜೊತೆಗೆ ನಾನು, ದಾರಿಯಲ್ಲಿ ಮೇಷ್ಟರ ಹೆಂಡತಿ ಸೇರಿಕೊಂಡರು. ಹೊಸ ಮನೆಯಾಕೆ ಬಾಗಿಲನ್ನು ಒಂದು ಗೇಣು ಮಾತ್ರ ತೆರೆದು, ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದರು. ಅವರು ಮೊದಲು ಚಾಮರಾಜಪೇಟೆಯಲ್ಲಿದ್ದವರಂತೆ. ಕಾರ್ಡಿನ ಬಿಸಿ ಅಲ್ಲೂ ತಟ್ಟಿತ್ತೆಂದು ಕಾಣುತ್ತದೆ.

"ಕುಂಕುಮಕ್ಕೆ ಕರೆಯಕ್ಕೆ ಬಂದಿದೀರಾ? ಏನಾದ್ರೂ ಮಾರೋದಿದ್ರೆ ಮೊದಲೇ ಹೇಳಿಬಿಡಿ, ನಮ್ಮೆಜಮಾನ್ರು ಬೈತಾರೆ."

ಅತ್ತೆಯ ಮುಖ ಒಂದು ಗಳಿಗೆ ಬಾಡಿತು. ಅವರು ಬಾಯಿ ತೆರೆಯುವ ಮೊದಲೇ ಮೇಷ್ಟರ ಹೆಂಡತಿ ಹಿಂದಿನಿಂದ ಮುಂದೆ ಬಂದು ನಿಂತರು.

"ಇವರ ಮನೆ ತಾಂಬೂಲಾನ ಕಣ್ಣು ಮುಚ್ಚಿಕೊಂಡು ತಗೋಬಹುದು ರೀ. ಬೇಡ ಅಂದ್ರೂ ಏನೂ ಅನ್ಕೊಳ್ಳಲ್ಲ. ನಾನೇ ಅಂದು ನೋಡಿದೀನಿ."

ಹೊಸ ಮನೆಯಾಕೆ ನಕ್ಕು, ಬಾಗಿಲನ್ನು ಪೂರ್ತಿ ತೆರೆದು, ಹಣೆ ಮುಂದೆ ಮಾಡಿದರು.